ನಾಲ್ಕನೆಯ ವರ್ಗದ ಮಣ್ಣು

ಒಂದೇ ಮಣ್ಣನ್ನು ನಾವು ಎರಡು ಬಾರಿ ತಪ್ಪಾಗಿ ಓದಿದ್ದೇವೆ. ಮೊದಲನೆಯ ತಪ್ಪು ಕೆಲವು ತಿಂಗಳಲ್ಲಿಯೇ ತಿಳಿಯಿತು, ತಿದ್ದಿಕೊಂಡೆವು. ಎರಡನೆಯದು ಅರಿವಾಗುವುದಕ್ಕೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಆ ಮಣ್ಣು ಇದ್ದ ಜಾಗದಲ್ಲಿ ಇರಲಿಲ್ಲ. ದೆಹಲಿಯ ಕನ್ನಡ ಗೆಳೆಯರು ಕೂಡಿದಾಗಲೆಲ್ಲ ಈ ಕಥೆಯ ಮೊದಲರ್ಧವನ್ನು ನಗುತ್ತ ಹೇಳಿಕೊಂಡು ಬಂದಿದ್ದೇವೆ. ಉಳಿದರ್ಧವನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಎರಡನ್ನೂ ಬರೆಯುತ್ತಿದ್ದೇವೆ.

ನಾವು ಗಂಡಹೆಂಡಿರಿಬ್ಬರೂ ಮಣ್ಣಿನ ಸಮೀಕ್ಷೆಯ ಕೆಲಸದಲ್ಲಿದ್ದವರು, ಈಗ ನಿವೃತ್ತರು. ಗಂಡ ನವಲಗುಂದದ ಕಡೆಯ ಎರೆಮಣ್ಣಿನವರು. ಹೆಂಡತಿ ಕೋಲಾರದ ಕಡೆಯ ಕೆಮ್ಮಣ್ಣಿನವರು. ಮದುವೆಯಾದ ಹೊಸತರಲ್ಲಿ ಗೆಳೆಯರು ಇದನ್ನು ಅಂತರಜಾತಿಯ ವಿವಾಹವೆಂದು ಗೇಲಿ ಮಾಡುತ್ತಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಊದಿಕೊಂಡು ಕಾಲಿಗೆ ಮೆತ್ತುತ್ತದೆ. ಹಾಗೆ ಊದುವಾಗ, ಕುಗ್ಗುವಾಗ ಒಳಗಿನ ಹೆಂಟೆಗಳು ಒಂದರ ಮೇಲೊಂದು ಉಜ್ಜಿ, ಅವುಗಳ ಮೈ ನಯವಾಗಿ ಹೊಳೆಯುತ್ತದೆ. ಕೆಮ್ಮಣ್ಣಿನಲ್ಲಿಯೂ ಹೊಳಪುಂಟು, ಆದರೆ ಅದರ ಕಾರಣ ಬೇರೆ. ಇಂಗುವ ನೀರು ಮೇಲಿನ ಪದರದ ನುಣ್ಣನೆಯ ಜೇಡಿಯನ್ನು ಕೆಳಗೆ ಒಯ್ದು ಹೆಂಟೆಗಳ ಮೈಗೆ ತೆಳ್ಳಗೆ ಬಳಿಯುತ್ತದೆ. ಎರಡು ಹೊಳಪುಗಳೂ ಮಸೂರದ ಕೆಳಗೆ ಮೊದಲ ನೋಟಕ್ಕೆ ಒಂದೇ ಬಗೆಯಾಗಿ ಕಾಣುತ್ತವೆ. ನಮ್ಮ ಮೊದಲ ತಪ್ಪಿನ ಬೇರು ಇಲ್ಲಿದೆ.

1988ರ ಅಕ್ಟೋಬರ್ ಕೊನೆಯಲ್ಲಿ ಕೆಲಸದ ಮೇಲೆ ಕಾಶ್ಮೀರಕ್ಕೆ ಹೋದೆವು. ಜಮ್ಮುವಿನಿಂದ ಬಸ್ಸಿನಲ್ಲಿ ಬನಿಹಾಲ್ ಸುರಂಗ ದಾಟಿ ಕಣಿವೆಗೆ ಇಳಿದಾಗ ರಸ್ತೆಯ ಎರಡೂ ಕಡೆ ಭತ್ತದ ಕೊಯಿಲು ಮುಗಿದಿತ್ತು. ಶ್ರೀನಗರ ಇನ್ನೂ ಹದಿನೈದು ಕಿಲೋಮೀಟರ್ ಇರುವಾಗ ಪಾಂಪೋರ್ ಬರುತ್ತದೆ. ಅಲ್ಲಿ ಗದ್ದೆಯ ಬಯಲಿನಿಂದ ಎದ್ದು ನಿಂತ, ಮೇಲೆ ಮೇಜಿನಂತೆ ಚಪ್ಪಟೆಯಾದ ದಿಣ್ಣೆಗಳಿವೆ. ಭೂವಿಜ್ಞಾನದ ಪುಸ್ತಕಗಳು ಇವನ್ನು ಕರೇವಾ ಎನ್ನುತ್ತವೆ, ಕಾಶ್ಮೀರಿ ರೈತರು ವುಡುರ್ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರ. ನೀರಾವರಿಯಿಲ್ಲ. ಆ ವಾರ ಇಡೀ ದಿಣ್ಣೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಕೇಸರಿ ಹೂಬಿಟ್ಟಿತ್ತು.

ಈ ದಿಣ್ಣೆಗಳ ಕಥೆ ದೊಡ್ಡದು. ಕಣಿವೆ ಒಂದು ಕಾಲದಲ್ಲಿ ಸರೋವರವಾಗಿತ್ತು. ಕಶ್ಯಪನು ಸತೀಸರವನ್ನು ಬರಿದುಮಾಡಿದ ಕಥೆಯನ್ನು ನೀಲಮತ ಪುರಾಣ ಹೇಳುತ್ತದೆ, ಭೂವಿಜ್ಞಾನವೂ ಸರೋವರವನ್ನು ಒಪ್ಪುತ್ತದೆ. ಪೀರ್ ಪಂಜಾಲ್ ಶ್ರೇಣಿ ಮೇಲೇರುತ್ತ ಬಂದಂತೆ ನೀರು ನಿಂತು, ತಳದಲ್ಲಿ ಜೇಡಿ, ಮರಳು, ಉರುಟುಗಲ್ಲುಗಳು ಪದರಪದರವಾಗಿ ಶೇಖರವಾದವು. ಕೊನೆಗೆ ಬಾರಾಮುಲ್ಲಾದ ಕಡೆ ದಾರಿ ಮಾಡಿಕೊಂಡು ನೀರು ಹರಿದುಹೋಯಿತು. ಒಣಗಿದ ಆ ತಳದ ಮೇಲೆ ಗಾಳಿ ತನ್ನ ಕೆಲಸ ಆರಂಭಿಸಿತು. ಹಿಮನದಿಗಳು ಬಂಡೆಗಳನ್ನು ಅರೆದು ಬಿಟ್ಟ ಹಿಟ್ಟನ್ನೂ, ಒಣಗಿದ ಹೊಳೆಬಯಲಿನ ದೂಳನ್ನೂ ಎತ್ತಿ ತಂದು ದಿಣ್ಣೆಯ ಮೇಲೆ ಹಾಸಿತು. ಕೆಲವೆಡೆ ಹತ್ತು ಮೀಟರಿಗೂ ಮಿಕ್ಕಿದ ಹಾಸು ಅದು.

ಗಾಳಿ ತಂದು ಹಾಸಿದ ಇಂಥ ಹಳದಿ ದೂಳಿಗೆ ಲೋಯಸ್ ಎಂದು ಹೆಸರು. ರೈನ್ ನದಿಯ ದಡದ ಜರ್ಮನ್ ರೈತರ ಮಾತು ಅದು. ಚೀನಾದಲ್ಲಿ ಬೆಟ್ಟದಷ್ಟು ದಪ್ಪವಾಗಿ ಹಬ್ಬಿರುವ ಹಳದಿ ಮಣ್ಣನ್ನು ನೋಡಿ, ಇದು ನೀರು ತಂದದ್ದಲ್ಲ, ಗಾಳಿ ತಂದದ್ದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ರಿಕ್ತ್‌ಹೋಫೆನ್ ವಾದಿಸಿದ. ಅದಕ್ಕೆ ಕನ್ನಡದಲ್ಲಿ ಮಾತಿಲ್ಲ, ಏಕೆಂದರೆ ಕನ್ನಡ ನಾಡಿನಲ್ಲಿ ಆ ಮಣ್ಣಿಲ್ಲ. ಎರೆ, ಮಸಾರಿ, ಕೆಮ್ಮಣ್ಣು, ಮೆಕ್ಕಲು ಎಂದು ನಮ್ಮ ರೈತರು ಮಾಡಿಕೊಂಡ ವಿಂಗಡಣೆಯ ಯಾವ ಮನೆಯಲ್ಲಿಯೂ ಇದಕ್ಕೆ ಜಾಗವಿಲ್ಲ. ನಾವಿಬ್ಬರು ಮನೆಯಲ್ಲಿ ಇದನ್ನು ಗಾಳಿಮಣ್ಣು ಎನ್ನುತ್ತೇವೆ.

ನಮ್ಮ ಗುಂಡಿಗೆ ಜಾಗ ಕೊಟ್ಟವರು ಎಪ್ಪತ್ತರ ಆಸುಪಾಸಿನ ಒಬ್ಬ ರೈತರು. ಊರಿನವರು ಅವರನ್ನು ಹಾಜಿ ಸಾಹೇಬ್ ಎಂದು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಕೇಸರಿಯ ಮಡಿಯೊಳಗೆ ಕಾಲಿಡಕೂಡದು, ಕಾಲುದಾರಿಯ ಅಂಚಿನಲ್ಲಿ ಅಗೆಯಿರಿ ಎಂದರು. ಇನ್ನೊಂದು ಷರತ್ತನ್ನೂ ಹಾಕಿದರು: ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಇರಬೇಕು, ಮುಚ್ಚುವಾಗ ಇದ್ದ ಕ್ರಮದಲ್ಲಿಯೇ ಮುಚ್ಚಬೇಕು. ನಮ್ಮ ಕೈಪಿಡಿಯಲ್ಲಿಯೂ ಅದೇ ಇತ್ತು.

ಮಣ್ಣಿನ ಸಮೀಕ್ಷೆಯಲ್ಲಿ ಒಂದು ಶಿಸ್ತುಂಟು: ಮೊದಲು ವರ್ಣನೆ, ಆಮೇಲೆ ಹೆಸರು. ಗುಂಡಿಯ ಒಂದು ಗೋಡೆಯನ್ನು ಬಿಸಿಲಿಗೆ ಮುಖಮಾಡಿ ನೇರವಾಗಿ ಕೆತ್ತಬೇಕು. ಚಾಕುವಿನ ತುದಿಯಿಂದ ಕೆರೆದು, ಎಲ್ಲಿ ಬಣ್ಣ ಅಥವಾ ಬಿಗಿ ಬದಲಾಗುತ್ತದೆಯೋ ಅಲ್ಲಿ ಗೆರೆಯೆಳೆಯಬೇಕು. ಪ್ರತಿ ಪದರದ ಆಳ, ಬಣ್ಣ, ಕಣ, ಕಟ್ಟು, ಬೇರು, ಸುಣ್ಣ, ಕೆಳಗಿನ ಪದರಕ್ಕೆ ಹೊರಳುವ ರೀತಿ ಎಲ್ಲವನ್ನೂ ಬರೆಯಬೇಕು. ಇದು ಯಾವ ಮಣ್ಣು ಎಂಬ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಬಾರದು.

ನಾವು ಅಂದು ಬರೆದ ವರ್ಣನೆ ಈಗಲೂ ಬಾಯಿಪಾಠವಾಗಿದೆ. ಮೇಲಿನ ಒಂದು ಗೇಣು ಕಂದು ಬಣ್ಣ, ಮುನ್ಸೆಲ್ ಬಣ್ಣದ ಪುಸ್ತಕದಲ್ಲಿ 10 ವೈಆರ್ 4/3. ಉಗುರಿಗೆ ಪುಡಿಯಾಗುವ ಸಣ್ಣ ಹರಳುಗಳಂಥ ಕಟ್ಟು, ತುಂಬ ಎಳೆಬೇರುಗಳು. ಅದರ ಕೆಳಗೆ ಹಳದಿಗಂದು, 10 ವೈಆರ್ 5/4. ಕಟ್ಟು ಮೂಲೆಮೂಲೆಯಾದ ಹೆಂಟೆ, ಅದರ ಮೈಮೇಲೆ ಮಾಸಲು ಹೊಳಪು. ಒಂದು ಮೀಟರಿನ ಕೆಳಗೆ ಬಣ್ಣ ಇನ್ನಷ್ಟು ತಿಳಿ. ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆಯುಕ್ಕಿತು, ಅಂದರೆ ಸುಣ್ಣವಿದೆ. ಒಂದೂವರೆ ಮೀಟರ್ ಅಗೆದರೂ ಒಂದೇ ಒಂದು ಕಲ್ಲಿಲ್ಲ.

ಕಣ ನೋಡುವುದು ಕೈಯಿಂದ. ಒದ್ದೆ ಮಾಡಿದ ಮಣ್ಣನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಪಟ್ಟಿಯಾಗಿ ಹೊಸೆಯಬೇಕು. ಮರಳಾದರೆ ಗರಗರ ಎನ್ನುತ್ತದೆ, ಜೇಡಿಯಾದರೆ ಅಂಟಿಕೊಂಡು ಉದ್ದನೆಯ ಪಟ್ಟಿಯಾಗುತ್ತದೆ. ಇದು ಎರಡೂ ಅಲ್ಲ. ಗೋದಿಹಿಟ್ಟಿನಂತೆ ನಯ, ಪಟ್ಟಿ ಎರಡು ಬೆರಳಗಲ ಬಂದು ಮುರಿದುಬಿತ್ತು, ಒಣಗಿದ ಮೇಲೆ ಬೆರಳಿನ ಮೇಲೆ ಪೌಡರ್ ಹಚ್ಚಿದಂತೆ ಉಳಿಯಿತು. ಅದು ರೇವೆ. ಮರಳಿಗಿಂತ ನುಣ್ಣಗೆ, ಜೇಡಿಗಿಂತ ದಪ್ಪ, 0.05 ಮಿಲಿಮೀಟರಿನಿಂದ 0.002 ಮಿಲಿಮೀಟರ್ ಗಾತ್ರದ ಕಣ. ದಪ್ಪ ಮರಳನ್ನು ಗಾಳಿ ದೂರ ಒಯ್ಯಲಾರದು. ಜೇಡಿ ಒಂದಕ್ಕೊಂದು ಅಂಟಿಕೊಂಡು ಸುಲಭವಾಗಿ ಏಳುವುದಿಲ್ಲ. ಗಾಳಿ ಆರಿಸಿ ತರುವುದು ಈ ನಡುವಿನದನ್ನು. ಆದ್ದರಿಂದಲೇ ಲೋಯಸಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಜರಡಿ ಹಿಡಿದಂಥ ಸಮತೆ ಇರುತ್ತದೆ.

ಇಲ್ಲಿಯವರೆಗೆ ಜಗಳವಿರಲಿಲ್ಲ. ಹೆಂಟೆಯ ಮೇಲಿನ ಹೊಳಪಿಗೆ ಬಂದಾಗ ಆರಂಭವಾಯಿತು.

"ರೀ, ಇದು ಬಳಿದಿರೋದು. ಜೇಡಿ ಮೇಲಿಂದ ಇಳಿದು ಬಂದು ಮೆತ್ಕೊಂಡಿದೆ" ಎಂದರು ಕೆಮ್ಮಣ್ಣಿನವರು.

"ಏನೂ ಇಳಿದಿಲ್ಲ. ಇದು ಒತ್ತಿದ್ದಕ್ಕ ಬಂದ ಹೊಳಪು, ನೋಡು. ನಮ್ಮ ಹೊಲದಾಗ ಬೇಕಾದಷ್ಟು ಅದ" ಎಂದರು ಎರೆಯವರು.

ಇದು ಬರಿಯ ಮಾತಿನ ಜಗಳವಲ್ಲ. ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾಗಿ, ನಮ್ಮ ದೇಶದ ಸಮೀಕ್ಷೆಯೂ ಅನುಸರಿಸುವ ಮಣ್ಣಿನ ವರ್ಗೀಕರಣದಲ್ಲಿ ಎಲ್ಲವೂ ಈ ಹೊಳಪಿನ ಮೇಲೆ ನಿಂತಿದೆ. ಜೇಡಿ ಮೇಲಿನಿಂದ ಇಳಿದು ಕೆಳಗೆ ನಿಂತಿದ್ದರೆ ಅದು ಆಲ್ಫಿಸಾಲ್ ಎಂಬ ಗಣಕ್ಕೆ ಸೇರುತ್ತದೆ, ಬಹುಕಾಲ ನೆಲೆನಿಂತು ಮಾಗಿದ ಮಣ್ಣು ಎಂದರ್ಥ. ಇಳಿದಿಲ್ಲವಾದರೆ ಇನ್‌ಸೆಪ್ಟಿಸಾಲ್, ಈಗಷ್ಟೇ ರೂಪ ತಾಳುತ್ತಿರುವ ಮಣ್ಣು. ಅದಕ್ಕೆ ಲೆಕ್ಕವೂ ಉಂಟು: ಮೇಲಿನ ಪದರದಲ್ಲಿ ನೂರಕ್ಕೆ 20 ಪಾಲು ಜೇಡಿ ಇದ್ದರೆ ಕೆಳಗಿನದರಲ್ಲಿ ಕಡಿಮೆಯೆಂದರೂ 24 ಇರಬೇಕು. ಜೊತೆಗೆ, ಅದು ಇಳಿದುಬಂದದ್ದು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ಬೇಕು. ಆ ಸಾಕ್ಷ್ಯವೇ ನಮ್ಮ ಹೊಳಪು.

ಮಾರನೆಯ ದಿನ ದಿಣ್ಣೆಯ ಅಂಚಿನ ಕಡೆ ಇನ್ನೂರು ಹೆಜ್ಜೆ ನಡೆದು ಎರಡನೆಯ ಗುಂಡಿ ತೋಡಿದೆವು. ಅಲ್ಲಿ ಸುಣ್ಣದ ಪದರ ಮೊಣಕಾಲ ಆಳದಲ್ಲಿಯೇ ಸಿಕ್ಕಿತು, ಹೊಳಪು ಬಹಳ ಕಡಿಮೆ. ಎರೆಯವರು ಗೆದ್ದೆನೆಂದುಕೊಂಡರು. ಮಣ್ಣಿನ ಹೆಂಟೆಗಳನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡು ದೆಹಲಿಗೆ ಮರಳಿದೆವು. ಹೆಂಟೆಯನ್ನು ಅಂಟಿನಲ್ಲಿ ಗಟ್ಟಿಮಾಡಿ, ಬೆಳಕು ಹಾಯುವಷ್ಟು ತೆಳುವಾಗಿ ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ಯ ಕಾಣುತ್ತದೆ. ಇಳಿದುಬಂದ ಜೇಡಿ ರಂಧ್ರಗಳ ಒಳಗೋಡೆಗೆ ಒಂದೇ ದಿಕ್ಕಿನಲ್ಲಿ ಸಾಲಾಗಿ ಅಂಟಿರುತ್ತದೆ. ಮೊದಲ ಗುಂಡಿಯ ಹೆಂಟೆಯಲ್ಲಿ ಅದು ಸ್ಪಷ್ಟವಾಗಿತ್ತು. ಎರಡನೆಯದರಲ್ಲಿ ಇರಲಿಲ್ಲ.

ಅಂದರೆ ಇಬ್ಬರದೂ ಸರಿ, ಇಬ್ಬರದೂ ತಪ್ಪು. ದಿಣ್ಣೆಯ ಒಡಲಿನಲ್ಲಿ ನೆಲ ಅಲುಗದೆ ನಿಂತಿದೆ, ಮಣ್ಣು ಮಾಗಿದೆ. ಅಂಚಿನಲ್ಲಿ ಮಳೆನೀರು ಮೇಲಿನದನ್ನು ಕೊಚ್ಚಿಕೊಂಡು ಹೋಗಿ ಒಳಗಿನ ಎಳೆಯ ಲೋಯಸ್ ಮೇಲೆ ಬಂದಿದೆ. ಮೊದಲನೆಯದಕ್ಕೆ ಟಿಪಿಕ್ ಹ್ಯಾಪ್ಲುಡಾಲ್ಫ್ ಎಂದೂ, ಎರಡನೆಯದಕ್ಕೆ ಟಿಪಿಕ್ ಯೂಟ್ರೋಕ್ರೆಪ್ಟ್ ಎಂದೂ ಬರೆದೆವು. ಎರಡಕ್ಕೂ ಮುಂದೆ ‘ಫೈನ್ ಸಿಲ್ಟಿ, ಮೆಸಿಕ್’ ಎಂಬ ವಿಶೇಷಣಗಳು: ರೇವೆ ತುಂಬಿದ್ದು, ವರ್ಷದ ಸರಾಸರಿಯಲ್ಲಿ 8ರಿಂದ 15 ಡಿಗ್ರಿ ತಂಪಿನಲ್ಲಿರುವುದು. ಗೆಳೆಯರಿಗೆ ನಗುತ್ತ ಹೇಳುವ ಅರ್ಧ ಇಷ್ಟೇ. ಕಾಶ್ಮೀರದ ಗುಂಡಿಯಲ್ಲಿ ನಿಂತು ಒಬ್ಬರು ನವಲಗುಂದವನ್ನು ನೋಡಿದೆವು, ಇನ್ನೊಬ್ಬರು ಕೋಲಾರವನ್ನು ನೋಡಿದೆವು. ಪಾಂಪೋರನ್ನು ನೋಡುವುದಕ್ಕೆ ಸೂಕ್ಷ್ಮದರ್ಶಕ ಬೇಕಾಯಿತು.

ಇನ್ನು ಹೇಳದೆ ಉಳಿಸಿಕೊಂಡ ಅರ್ಧ.

ಗುಂಡಿ ಮುಚ್ಚಿದ ಸಂಜೆ ಹಾಜಿ ಸಾಹೇಬರ ಮನೆಯಲ್ಲಿ ಉಪ್ಪುಹಾಕಿದ ಗುಲಾಬಿ ಬಣ್ಣದ ಚಹಾ ಕೊಟ್ಟರು. ಮನೆಯವರೆಲ್ಲ ಹೂವಿನ ರಾಶಿಯ ಸುತ್ತ ಕುಳಿತು ಒಂದೊಂದು ಹೂವಿನಿಂದ ಮೂರು ಕೆಂಪು ಎಳೆಗಳನ್ನು ಬಿಡಿಸುತ್ತಿದ್ದರು. ಒಂದು ಕಿಲೋ ಕೇಸರಿಗೆ ಒಂದೂವರೆ ಲಕ್ಷದಷ್ಟು ಹೂ ಬೇಕು. ನಮ್ಮ ಮಣ್ಣಿನ ಬಗ್ಗೆ ಏನು ಬರೆದುಕೊಂಡಿರಿ ಎಂದು ಅವರು ಕೇಳಿದರು. ನಾವು ಪದರಗಳನ್ನು ವಿವರಿಸಿದೆವು. ಅವರು ತಲೆಯಾಡಿಸುತ್ತ ಕೇಳಿ, ತಮ್ಮ ವರ್ಣನೆಯನ್ನೂ ಕೊಟ್ಟರು. ಗಡ್ಡೆ ನೆಲದಲ್ಲಿ ಹತ್ತು ಹನ್ನೆರಡು ವರ್ಷ ಇರುತ್ತದೆ. ಚಳಿಗಾಲವೆಲ್ಲ ಮೇಲೆ ಹಿಮ ಬೀಳುತ್ತದೆ. ಆ ಹಿಮ ಕರಗಿದ ನೀರನ್ನು ಮಣ್ಣು ಕುಡಿಯಬೇಕು, ಹಿಡಿದಿಟ್ಟುಕೊಳ್ಳಬಾರದು. ನಿಂತರೆ ಗಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಗಡ್ಡೆ ಮಲಗಿರುತ್ತದೆ, ಆಗ ಮಣ್ಣು ಒಣಗಿ ಬೆಚ್ಚಗಿರಬೇಕು. ಕೆಳಗಿನ ಗದ್ದೆಯ ಕಪ್ಪು ಮಣ್ಣು ಹೆಚ್ಚು ಶ್ರೀಮಂತ, ಆದರೆ ಅಲ್ಲಿ ಕೇಸರಿ ಬದುಕುವುದಿಲ್ಲ. ಮಡಿಯ ನಾಲ್ಕು ಕಡೆ ಕಾಲುವೆ ತೆಗೆದು ಮಡಿಯನ್ನು ಎತ್ತರಿಸುವುದೂ ಅದಕ್ಕೇ.

ಆಮೇಲೆ ಕೇಳಿದರು: "ಸರ್ಕಾರದ ಪುಸ್ತಕದಲ್ಲಿ ಈ ನೆಲಕ್ಕೆ ಯಾವ ನಂಬರು?"

ನಂಬರು ಇತ್ತು. ವರ್ಗೀಕರಣದ ಹೆಸರಿನ ಜೊತೆಗೆ ಪ್ರತಿ ಮಣ್ಣಿಗೂ ಸಾಗುವಳಿಯ ಯೋಗ್ಯತೆಯ ವರ್ಗವನ್ನು ಕೊಡುತ್ತೇವೆ. ಒಂದರಿಂದ ಎಂಟು. ಒಂದು ಎಂದರೆ ಯಾವ ಅಡ್ಡಿಯೂ ಇಲ್ಲದ ನೆಲ, ನಾಲ್ಕು ಎಂದರೆ ತೀವ್ರ ಮಿತಿಗಳಿರುವ ನೆಲ, ಐದರಿಂದ ಮುಂದೆ ಸಾಗುವಳಿಯಿಲ್ಲ. ಇನ್ನೂ ತೀರ್ಮಾನವಾಗಿಲ್ಲ, ಬಹುಶಃ ಮೂರೋ ನಾಲ್ಕೋ ಎಂದೆವು. ಅವರು ನಕ್ಕರು. ಹೂ ಬಿಡಿಸುತ್ತಿದ್ದವರಿಗೆ ಕಾಶ್ಮೀರಿಯಲ್ಲಿ ಏನೋ ಹೇಳಿದರು, ಅವರೂ ನಕ್ಕರು. ನಾವೂ ನಕ್ಕೆವು.

ವರದಿಯಲ್ಲಿ ನಾಲ್ಕು ಎಂದೇ ಬರೆದೆವು. ನಕ್ಷೆಯ ಅಳತೆ 1:50,000, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಅಷ್ಟು ಸಣ್ಣ ನಕ್ಷೆಯಲ್ಲಿ ದಿಣ್ಣೆಯ ಒಡಲನ್ನೂ ಅಂಚನ್ನೂ ಬೇರೆಬೇರೆ ಗೆರೆಯಲ್ಲಿ ತೋರಿಸಲು ಬರುತ್ತಿರಲಿಲ್ಲ. ಎರಡನ್ನೂ ಒಂದೇ ಘಟಕವೆಂದು ಗುರುತಿಸಿದೆವು. ಘಟಕಕ್ಕೆ ಒಂದೇ ನಂಬರು ಕೊಡಬೇಕು. ಕೊಚ್ಚಣೆಯಿರುವ ಅಂಚಿಗೆ ನಾಲ್ಕು ಸರಿಯಾಗಿತ್ತು. ಎಚ್ಚರಿಕೆಯ ಹೆಸರಿನಲ್ಲಿ ಅದನ್ನೇ ಇಡೀ ದಿಣ್ಣೆಗೆ ಕೊಟ್ಟೆವು.

ಇನ್ನೂ ಒಂದು ಮಾತಿದೆ. ಈ ನಂಬರು ಸಾಮಾನ್ಯ ಬೆಳೆಗಳ ಸಾಗುವಳಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು; ಒಂದು ವಿಶೇಷ ಬೆಳೆಗೆ ನೆಲ ಎಷ್ಟು ಒಗ್ಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಇದು ಆ ಪದ್ಧತಿಯನ್ನು ಕಲಿತ ಪ್ರತಿಯೊಬ್ಬರಿಗೂ ಗೊತ್ತು. ನಮಗೂ ಗೊತ್ತಿತ್ತು. ವರದಿಯಲ್ಲಿ ಅದನ್ನು ಒಂದು ವಾಕ್ಯದಲ್ಲಿ ಬರೆಯಬಹುದಾಗಿತ್ತು. ಓದುವವರೆಲ್ಲ ಬಲ್ಲವರೇ ಎಂದುಕೊಂಡು ಬಿಟ್ಟೆವು.

ಮುಂದಿನ ವರ್ಷಗಳಲ್ಲಿ ಕಣಿವೆಗೆ ಹೋಗುವ ಸ್ಥಿತಿ ಇರಲಿಲ್ಲ. ಮತ್ತೆ ಹೋದದ್ದು 2012ರ ಶರತ್ಕಾಲದಲ್ಲಿ, ಕೆಲಸಕ್ಕಲ್ಲ, ಸುಮ್ಮನೆ. ಮೊದಲು ಶ್ರೀನಗರದ ಆಚೆ ಬುರ್ಜಹೋಮಿಗೆ ಹೋದೆವು. ಅದೂ ಒಂದು ಕರೇವಾ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಅಲ್ಲಿನ ಜನ ಈ ಗಾಳಿಮಣ್ಣಿನಲ್ಲಿಯೇ ಗುಂಡಿ ತೋಡಿ ವಾಸಿಸಿದ್ದರು. ಪುರಾತತ್ತ್ವ ಇಲಾಖೆ 1960ರಿಂದ 1971ರವರೆಗೆ ನಡೆಸಿದ ಉತ್ಖನನದಲ್ಲಿ ಸಿಕ್ಕ ಅತಿ ದೊಡ್ಡ ಗುಂಡಿಯ ಬಾಯಿ 2.74 ಮೀಟರ್, ತಳ 4.57 ಮೀಟರ್, ಆಳ 3.96 ಮೀಟರ್. ಬಾಯಿ ಕಿರಿದು, ತಳ ಅಗಲ. ಬೇರೆ ಮಣ್ಣಾಗಿದ್ದರೆ ಕುಸಿಯುತ್ತಿತ್ತು. ಒಣಗಿದ ಲೋಯಸ್ ಕುಸಿಯದೆ ನಿಲ್ಲುತ್ತದೆ, ಕಲ್ಲಿಲ್ಲದ್ದರಿಂದ ಕಲ್ಲಿನ ಆಯುಧದಿಂದಲೂ ಅಗೆಯಬಹುದು. ಆಳವಾದದ್ದು, ಕಲ್ಲಿಲ್ಲದ್ದು, ಸುಲಭವಾಗಿ ಅಗೆಯಲು ಬರುವಂಥದ್ದು: ನಮ್ಮ ವರ್ಣನೆಯ ಮಾತುಗಳನ್ನು ಅವರು ಕೈಯಿಂದ ಬರೆದಿದ್ದರು.

ಆ ಮಾತುಗಳನ್ನು ಬೇರೆಯವರೂ ಓದಿಕೊಂಡಿದ್ದರು. ಪಾಂಪೋರಿಗೆ ಮರಳಿ ಹಾಜಿ ಸಾಹೇಬರ ದಿಣ್ಣೆಯನ್ನು ಹುಡುಕಿದಾಗ, ಅದರ ರಸ್ತೆಯ ಕಡೆಯ ಭಾಗ ಇರಲಿಲ್ಲ. ನೇರವಾಗಿ ಕತ್ತರಿಸಿದ ಮೂರಾಳೆತ್ತರದ ಹಳದಿ ಗೋಡೆ, ಅದರ ಬುಡದಲ್ಲಿ ಯಂತ್ರ, ಸಾಲುನಿಂತ ಟಿಪ್ಪರ್‌ಗಳು. ಏರಿ ತುಂಬುವುದಕ್ಕೂ, ಜೌಗುಭೂಮಿಯಲ್ಲಿ ಮನೆ ಕಟ್ಟುವವರು ನೆಲ ಎತ್ತರಿಸುವುದಕ್ಕೂ ಕಣಿವೆಯಲ್ಲಿ ಕರೇವಾದ ಮಣ್ಣು ಹೋಗುತ್ತದೆ. ಕತ್ತರಿಸಿದ ಗೋಡೆಯಲ್ಲಿ, ನಾವು ಒಂದೂವರೆ ಮೀಟರಿಗೆ ನಿಲ್ಲಿಸಿದ್ದ ಓದು ಕೆಳಗಿನವರೆಗೂ ತೆರೆದುಕೊಂಡಿತ್ತು. ತಿಳಿಹಳದಿಯ ನಡುವೆ ಅಲ್ಲಲ್ಲಿ ಕಂದು ಪಟ್ಟೆಗಳು. ದೂಳು ಬೀಳುವುದು ತಗ್ಗಿ, ಹುಲ್ಲು ಬೆಳೆದು, ಮಣ್ಣು ಮಾಗಿದ ಹಳೆಯ ಕಾಲಗಳು ಅವು, ಮತ್ತೆ ದೂಳು ಬಿದ್ದು ಹೂತುಹೋದವು. ಕಾಲುದಾರಿಯ ಅಂಚು ಎಲ್ಲಿತ್ತೆಂದು ಅಳೆದು ನೋಡಿದೆವು. ನಮ್ಮ ಮೊದಲ ಗುಂಡಿ ಈಗ ಗಾಳಿಯಲ್ಲಿತ್ತು.

ಹಾಜಿ ಸಾಹೇಬರು ತೀರಿಕೊಂಡಿದ್ದರು. ಅವರ ಮಗ ನಮ್ಮನ್ನು ಗುರುತಿಸಿ ಚಹಾಕ್ಕೆ ಕರೆದರು. ಉಳಿದ ಮಡಿಗಳಲ್ಲಿ ಹೂ ಇತ್ತು. ಊರಿನವರು ತಡೆಯಲು ಹೋಗಿದ್ದರಂತೆ. ಮೇಲಿನವರೊಬ್ಬರು ಕಡತ ತಿರುವಿ, ಇದು ಮೊದಲ ದರ್ಜೆಯ ಸಾಗುವಳಿಯ ನೆಲವೇನೂ ಅಲ್ಲವಲ್ಲ ಎಂದರಂತೆ. ಮಗ ಇದನ್ನು ಯಾವ ಆಕ್ಷೇಪಣೆಯೂ ಇಲ್ಲದ ದನಿಯಲ್ಲಿ ಹೇಳಿದರು. ಆ ಕಡತದಲ್ಲಿ ಯಾರ ವರದಿಯಿತ್ತೋ ನಾವು ನೋಡಿಲ್ಲ. ನಮ್ಮದೇ ಇರಬೇಕೆಂದಿಲ್ಲ. ಆದರೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ನಮ್ಮಿಬ್ಬರಲ್ಲಿ ಯಾರೂ ಮೂರು, ನಾಲ್ಕು ಎಂದು ನಕ್ಕಿದ್ದ ಆ ಸಂಜೆಯ ಮಾತೆತ್ತಲಿಲ್ಲ.

ಈಗ ಯೋಚಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. 1999ರಲ್ಲಿ ವರ್ಗೀಕರಣದ ಎರಡನೆಯ ಆವೃತ್ತಿ ಬಂದಾಗ ಓಕ್ರೆಪ್ಟ್ ಎಂಬ ಉಪಗಣವನ್ನೇ ತೆಗೆದುಹಾಕಿದರು. ನಮ್ಮ ಯೂಟ್ರೋಕ್ರೆಪ್ಟ್ ರಾತ್ರಿ ಬೆಳಗಾಗುವುದರಲ್ಲಿ ಯೂಟ್ರುಡೆಪ್ಟ್ ಆಯಿತು. ಮಣ್ಣು ತಾನಿದ್ದಂತೆಯೇ ಇತ್ತು. ಹೆಸರು ಬದಲಾಗುವಂಥದ್ದು, ನಂಬರು ತಪ್ಪಾಗುವಂಥದ್ದು. ಅಂದು ಗುಂಡಿಯಲ್ಲಿ ಕುಳಿತು ಬರೆದ ವರ್ಣನೆ ಮಾತ್ರ ಇಂದಿಗೂ ಒಂದಕ್ಷರ ಸುಳ್ಳಾಗಿಲ್ಲ, ಹೊಳಪಿನ ಒಂದು ಸಾಲನ್ನು ಬಿಟ್ಟರೆ. ಆದರೆ ವರ್ಣನೆ ವರದಿಯ ಹಿಂದಿನ ಅನುಬಂಧದಲ್ಲಿರುತ್ತದೆ, ನಂಬರು ಮುಂದಿನ ಕೋಷ್ಟಕದಲ್ಲಿರುತ್ತದೆ. ನಿರ್ಧಾರ ಮಾಡುವವರು ಓದುವುದು ಕೋಷ್ಟಕವನ್ನು. ಆದ್ದರಿಂದ ವರ್ಣಿಸುವವರ ಕೆಲಸ ವರ್ಣನೆಗೇ ಮುಗಿಯುವುದಿಲ್ಲ, ಆ ಕೋಷ್ಟಕದವರೆಗೂ ಅದರ ಜೊತೆ ನಡೆದುಹೋಗಬೇಕು. ನಾವು ಅರ್ಧ ದಾರಿಯಲ್ಲಿ ಮನೆಗೆ ಮರಳಿದೆವು.

ಕೇಸರಿಯ ನೆಲ ಕುಗ್ಗುತ್ತಿದೆಯೆಂಬ ಚಿಂತೆ ದೇಶಕ್ಕೂ ತಟ್ಟಿದೆ. 2010ರಲ್ಲಿ ಅದಕ್ಕಾಗಿಯೇ ರಾಷ್ಟ್ರೀಯ ಮಿಷನ್ ಆರಂಭವಾಯಿತು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಇಂಥ ಮಣ್ಣಿನ ಇಂಥ ಬೆಳೆ ಎಂದು ಕಾನೂನೇ ಒಪ್ಪಿದಂತಾಯಿತು. ಹಾಜಿ ಸಾಹೇಬರು ಚಹಾ ಕುಡಿಯುತ್ತ ಹೇಳಿದ್ದೂ ಅದನ್ನೇ.

ಬಿಟ್ಟ ವಾಕ್ಯವನ್ನು ಈಗ ಬರೆಯುತ್ತೇವೆ. ವರದಿ ಇಂಗ್ಲಿಷಿನಲ್ಲಿತ್ತು, ಇದು ಕನ್ನಡದಲ್ಲಿರಲಿ. ಓದುವವರು ಆ ದಿಣ್ಣೆಯಿಂದ ಬಹುದೂರದಲ್ಲಿರುವ ಕನ್ನಡಿಗರು ಎಂಬುದು ಗೊತ್ತು. ಆದರೂ ಎಲ್ಲಿಯಾದರೂ ಒಂದು ಕಡೆ ಅದು ಬರಹದಲ್ಲಿರಬೇಕು.

ಈ ಘಟಕಕ್ಕೆ ಕೊಟ್ಟ ನಾಲ್ಕನೆಯ ವರ್ಗವು ದಿಣ್ಣೆಯ ಅಂಚಿಗೆ ಮಾತ್ರ, ಅದೂ ಸಾಮಾನ್ಯ ಬೆಳೆಗಳಿಗೆ ಮಾತ್ರ ಅನ್ವಯಿಸುತ್ತದೆ. ಒಡಲಿನ ಆಳವಾದ, ರೇವೆ ತುಂಬಿದ, ನೀರು ನಿಲ್ಲದ ಮಣ್ಣು ಕೇಸರಿಗೆ ಮೊದಲ ವರ್ಗದ್ದು, ಒಮ್ಮೆ ತೆಗೆದರೆ ಮತ್ತೆ ತಂದು ಹಾಕಲು ಬರುವಂಥದ್ದಲ್ಲ.